ಅಪ್ಪ ಕೊಟ್ಟ ಉದಾಹರಣೆ

ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಸ್ಟೂಲಿನ ಮೇಲೆ ಕೂತಿದ್ದ ಕಲ್ಲುಕುಟಿಗನ ಮುಖವನ್ನೊಮ್ಮೆ ನೋಡಿ, ಪಕ್ಕದಲ್ಲಿ ನಿಂತಿದ್ದ ಅವನ ಮಗಳ ಕಡೆ ತಿರುಗಿ, "ಇಂಗ್ಲಿಷ್ ಬರುತ್ತೇನಮ್ಮಾ?" ಎಂದರು. ಬರುತ್ತೆ ಎಂದಳು. ಅಲ್ಲಿಂದ ಮುಂದಿನ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು.

ಕಲ್ಲುಕುಟಿಗ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಮೂವತ್ತು ವರ್ಷ ಉಳಿ ಹಿಡಿದ ಕೈ. ಎಷ್ಟು ತೊಳೆದರೂ ಗೆರೆಗಳ ಸಂದಿಯಲ್ಲಿ ಬೂದುಪುಡಿ ಉಳಿದೇ ಇರುತ್ತಿತ್ತು. ಅದೇ ಪುಡಿ ಎದೆಯೊಳಗೂ ಕೂತಿದೆ ಎಂದು ಕ್ವಾರಿಯ ಜೊತೆಗಾರರು ಹೇಳಿದ್ದರು. ಅದು ಇಳಿಯುತ್ತದೋ ಇಲ್ಲವೋ, ಅಷ್ಟು ತಿಳಿದುಕೊಂಡು ಹೋಗೋಣವೆಂದು ಬಂದಿದ್ದ. ಡಾಕ್ಟರ ಮಾತು ಸಂತೆಯ ಗದ್ದಲದಂತೆ ತಲೆಯ ಮೇಲೆ ಹಾದುಹೋಗುತ್ತಿತ್ತು. ಆ ಗದ್ದಲದ ನಡುವೆ, ಗುರುತಿನವರ ಮುಖ ಫಕ್ಕನೆ ಕಂಡ ಹಾಗೆ, ಒಂದು ಪದ ಕೇಳಿಸಿತು. ಇರ್ರಿವರ್ಸಿಬಲ್. ಡಾಕ್ಟರು ಅದನ್ನು ಎರಡು ಸಲ ಹೇಳಿದರು. ಎರಡನೆಯ ಸಲ ಮಗಳ ಕತ್ತು ತಗ್ಗಿತು.

ಆ ಪದ ಅವನಿಗೆ ಗೊತ್ತಿತ್ತು. ದೂರದ ನರ್ಸಿಂಗ್ ಕಾಲೇಜಿನ ಪ್ರವೇಶ ಪರೀಕ್ಷೆಗೆಂದು ಮಗಳು ಮೂರು ತಿಂಗಳಿಂದ ಕಷ್ಟದ ಇಂಗ್ಲಿಷ್ ಪದಗಳ ಪುಸ್ತಕವೊಂದನ್ನು ಹಿಡಿದು ಕೂತಿದ್ದಳು. ಪದ, ಅದರ ಅರ್ಥ, ಕೆಳಗೊಂದು ಉದಾಹರಣೆ ವಾಕ್ಯ. ವಾಕ್ಯಗಳ ತುಂಬ ರಾಯಭಾರಿಗಳು, ಹಡಗಿನ ಕಪ್ತಾನರು. ಒಂದೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. "ಆ ಕಪ್ತಾನನ್ನ ಮುಳುಗಿಸು ಅತ್ಲಾಗೆ! ನೀನು ಅರ್ಥ ಹೇಳು, ವಾಕ್ಯ ನಾನು ಕೊಡ್ತೀನಿ" ಎಂದಿದ್ದ ಅಪ್ಪ. ಅಂದಿನಿಂದ ಅದೇ ರೂಢಿ. ಅವನು ಚಪ್ಪಡಿ ಕೆತ್ತುತ್ತ ಕೂತರೆ ಅವಳು ಎದುರಿಗೆ ಕೂತು ಪದ ಓದಿ ಅರ್ಥ ಹೇಳುವಳು. ಅವನು ಸುತ್ತಿಗೆ ನಿಲ್ಲಿಸದೆ ತನ್ನ ಕೆಲಸದಿಂದಲೇ ಒಂದು ಉದಾಹರಣೆ ತೆಗೆದುಕೊಡುವನು. ಆಬ್ಡ್ಯುರೇಟ್ ಎಂದರೆ ಏನು ಮಾಡಿದರೂ ಜಗ್ಗದ್ದು. "ಕ್ವಾರಿ ಮೂಲೆಯ ಕರಿಬಂಡೆ. ಇಲ್ಲಾಂದ್ರೆ ನಿನ್ನ ಚಿಕ್ಕಮ್ಮ." ಮಗಳು ಬಿದ್ದುಬಿದ್ದು ನಕ್ಕು, ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಬರೆದುಕೊಂಡಿದ್ದಳು. ಮೊನ್ನೆ ಮಂಗಳವಾರ ಬಂದದ್ದು ಡಾಕ್ಟರು ಈಗ ಹೇಳಿದ ಈ ಪದ. ಮತ್ತೆ ಮೊದಲಿನಂತೆ ಆಗದ್ದು ಎಂದು ಅವಳು ಅರ್ಥ ಹೇಳಿದಾಗ ಅವನು ಯೋಚಿಸಲೂ ಇಲ್ಲ. "ಬೆಣೆ ಹೊಡೆದು ಸೀಳಿದ ಕಲ್ಲು" ಎಂದಿದ್ದ.

ಆಸ್ಪತ್ರೆಯ ಹೊರಗೆ ಬಸ್ಸಿಗೆ ಕಾಯುತ್ತ ಇಬ್ಬರೂ ಕಟ್ಟೆಯ ಮೇಲೆ ಕೂತರು. ಮಾತ್ರೆಯ ಪೊಟ್ಟಣ ಮಗಳ ಮಡಿಲಲ್ಲಿತ್ತು.

"ಏನಂದ್ರು?"

"ಧೂಳು ಸ್ವಲ್ಪ ಸೇರ್ಕೊಂಡಿದೆಯಂತಪ್ಪ. ಮಾತ್ರೆ ಕೊಟ್ಟಿದಾರೆ. ವಾಸಿಯಾಗುತ್ತೆ ಅಂದ್ರು."

"ಅಷ್ಟು ಹೊತ್ತು ಮಾತಾಡಿದ್ದು ಇಷ್ಟೇನಾ?"

"ಇಂಗ್ಲಿಷಲ್ಲಿ ಎಲ್ಲಾನೂ ಉದ್ದುದ್ದ ಹೇಳ್ತಾರೆ."

ಅವನಿಗೆ ನಗು ಬಂತು. ನಗು ಅರ್ಧಕ್ಕೇ ಕೆಮ್ಮಾಯಿತು. ಟವೆಲ್ಲು ಬಾಯಿಗೊತ್ತಿಕೊಂಡು ಬಾಗಿದವನು ನೆಟ್ಟಗೆ ಕೂರಲು ಬಹಳ ಹೊತ್ತು ಹಿಡಿಯಿತು. ಮಗಳು ಬೆನ್ನು ನೀವುತ್ತಿದ್ದಳು. ನೀವುತ್ತಲೇ, ರಸ್ತೆಯ ಕಡೆ ನೋಡುತ್ತ ಹೇಳಿದಳು: "ಅಪ್ಪಾ, ಈ ಸಲ ಪರೀಕ್ಷೆ ಬೇಡ. ಮುಂದಿನ ವರ್ಷ ನೋಡಿದ್ರಾಯ್ತು."

"ನಾನು ವಾಸಿಯಾಗ್ತೀನಲ್ಲ. ಮತ್ತೆ ನೀನ್ಯಾಕೆ ನಿಲ್ತೀಯಾ?"

"ನಿನಗೋಸ್ಕರ ಅಲ್ಲಪ್ಪಾ. ಆ ಪದಗಳು ತಲೆಗೇ ಹತ್ತಿಲ್ಲ. ಸುಮ್ನೆ ಹೋಗಿ ಏನು ಮಾಡ್ಲಿ?"

ಕಲ್ಲುಕುಟಿಗ ಕಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದ. ಯಾರೋ ಅವಸರದಲ್ಲಿ ಕೆತ್ತಿದ ಕಲ್ಲು. ಮನೆಯಲ್ಲಿ ಇದ್ದದ್ದು ಇಬ್ಬರೇ. ಅವಳ ಸುಳ್ಳನ್ನು ನಂಬಿದಂತೆ ತಲೆಯಾಡಿಸಿದರೆ ಸಾಕು, ಕೊನೆಯ ದಿನದವರೆಗೂ ಅವಳ ಕೈಯಿಂದ ಒಂದು ಲೋಟ ನೀರು ಸಿಗುತ್ತಿತ್ತು. ಆಮೇಲೆ? ಆಮೇಲೆ ಅವಳಿಗೆ ಉಳಿಯುವುದು ಕ್ವಾರಿಯ ಜಲ್ಲಿ ಮೆಷಿನ್ನು. ಮೆಷಿನ್ನಿನ ಬಾಯಿಗೆ ಕಲ್ಲು ಸುರಿಯುವ ಹೆಂಗಸರು ಈಗಲೇ ಅವನ ಹಾಗೆ ಕೆಮ್ಮುತ್ತಿದ್ದರು. ಅವರಲ್ಲಿ ಚಿಕ್ಕವಳು ಇವಳ ಶಾಲೆಯ ಗೆಳತಿ.

"ಒಂದೂ ಹತ್ತಿಲ್ವಾ?"

"ಒಂದೂ ಇಲ್ಲ."

"ಅಕ್ಷರ ಬರದೇ ಇರೋ ನನ್ನ ತಲೆಗೇ ಹತ್ತಿದೆಯಲ್ಲ ತಾಯಿ" ಎಂದ. ಆಮೇಲೆ, ಚಪ್ಪಡಿಯ ಅಂಚು ಬಿಡಿಸುವ ಹಾಗೆ ಒಂದೊಂದೇ ಚೂರು ಮಾಡಿ, ನಿಧಾನವಾಗಿ ಆ ಪದ ಹೇಳಿದ. "ಇರ್... ರಿ... ವರ್ಸಿಬಲ್. ಎರಡು ಸಲ ಅಂದ್ರು ಡಾಕ್ಟರು."

ಬೆನ್ನ ಮೇಲಿದ್ದ ಕೈ ಹಾಗೇ ನಿಂತುಬಿಟ್ಟಿತು. ಬಸ್ಸೊಂದು ಬಂದು, ನಿಂತು, ಹೊರಟೂಹೋಯಿತು. ಅದು ತಮ್ಮದೇ ಬಸ್ಸೆಂದು ಇಬ್ಬರಿಗೂ ಗೊತ್ತಿತ್ತು.

ಅಪ್ಪನೇ ಅವಳ ಚೀಲಕ್ಕೆ ಕೈಹಾಕಿ ಪುಸ್ತಕ ತೆಗೆದ. ಗುರುತಿಗೆಂದು ದಾರ ಇಟ್ಟಿದ್ದ ಹಾಳೆ ಬಿಡಿಸಿ ಅವಳ ತೊಡೆಯ ಮೇಲಿಟ್ಟ. "ಪರೀಕ್ಷೆಗೆ ಇನ್ನು ಒಂಬತ್ತೇ ದಿನ. ಮುಂದಿನದು ಓದು. ಅರ್ಥ ನೀನು ಹೇಳು, ವಾಕ್ಯ ನಾನು ಕೊಡ್ತೀನಿ."

ಅವಳು ಕಣ್ಣೊರೆಸಿಕೊಂಡು ಪುಸ್ತಕದ ಮೇಲೆ ಬಾಗಿದಳು. ಅವನು ಬೆರಳೂರಿದ್ದ ಕಡೆ ಪದದ ಮೇಲೆ ಚಿಟಿಕೆಯಷ್ಟು ಬೂದುಪುಡಿ ಉದುರಿತ್ತು. ಅದನ್ನು ಹಾರಿಸಲು ಅವಳು ಉಸಿರೆಳೆದುಕೊಳ್ಳುವಷ್ಟರಲ್ಲಿ ಅಪ್ಪನ ಅಂಗೈ ಅವಳ ಬಾಯಿಗೆ ಅಡ್ಡ ಬಂತು.

"ಊದಬೇಡ" ಎಂದ. "ಒಳಗೆ ಹೋಗುತ್ತೆ."