ಫ್ಯಾನಿನ ಕೆಳಗಿನ ಮೇಜು

ಕಾಲೇಜಿನ ಮೊದಲ ದಿನ ಅಂಬರೇಶ ಕ್ಯಾಂಟೀನಿನಲ್ಲಿ ಫ್ಯಾನಿನ ಕೆಳಗಿನ ಮೇಜಿಗೆ ಹೋಗಿ ಕೂತ. ರಾಯಚೂರಿನ ಬಿಸಿಲು, ಅಲ್ಲಿ ತಿರುಗುತ್ತಿದ್ದದ್ದು ಅದೊಂದೇ ಫ್ಯಾನು. ಆ ಮೇಜು ಒಂದು ವಿದ್ಯಾರ್ಥಿ ಸಂಘಟನೆಯವರದು ಎಂಬುದು ಅವನಿಗೇನು ಗೊತ್ತು? ಚಹಾ ಮುಗಿಯುವಷ್ಟರಲ್ಲಿ ಅವರ ಶಾಲು ಅವನ ಹೆಗಲೇರಿತ್ತು. ಬಾಗಿಲ ಬಳಿ ಎದುರು ಬಣದವರ ಜೊತೆ ಕೂತಿದ್ದ ಬಾಲ್ಯದ ಗೆಳೆಯ ದುರುಗಪ್ಪ ಅದನ್ನು ನೋಡಿದ. ಅಂದಿನಿಂದ ಮಾತು ಬಿಟ್ಟ.

ವರ್ಷ ಕಳೆಯಿತು. ಇವತ್ತು ಎರಡೂ ಬಣಗಳು ಗೇಟಿನ ಬಳಿ ಎದುರುಬದುರು ನಿಂತಿದ್ದವು. ಆ ಕಡೆ ಎಲ್ಲರಿಗಿಂತ ಮುಂದೆ ದುರುಗಪ್ಪ. ಅಂಬರೇಶ ಅವನ ಹೆಸರು ಹಿಡಿದೇ ಧಿಕ್ಕಾರ ಕೂಗಬೇಕಿತ್ತು.

"ಅಣ್ಣಾ, ನನ್ನಿಂದ ಆಗಂಗಿಲ್ಲ," ಪಕ್ಕದಲ್ಲಿದ್ದ ಸಂಘಟನೆಯ ಅಧ್ಯಕ್ಷನಿಗೆ ಮೆಲ್ಲಗೆ ಹೇಳಿದ. "ಖರೇ ಹೇಳ್ತೀನಿ, ಅವತ್ತ ನಾ ಬಂದು ಕುಂತಿದ್ದು ಫ್ಯಾನಿನ ಸಲುವಾಗಿ."

ಅಧ್ಯಕ್ಷ ಅವನತ್ತ ತಿರುಗಲಿಲ್ಲ. ಹಿಂದೆ ನಿಂತ ಹುಡುಗರ ಕಡೆ ಒಮ್ಮೆ ಕಣ್ಣು ಹಾಯಿಸಿ, ಕೈಯಲ್ಲಿದ್ದ ಬಾವುಟವನ್ನು ಇನ್ನಷ್ಟು ಮೇಲಕ್ಕೆತ್ತಿದ.

"ನಾನೂ ಫ್ಯಾನಿಗೇ ಬಂದು ಕುಂತಾಂವ, ತಮ್ಮಾ. ಈಗ ಕೂಗು, ಹುಡುಗ್ರು ನೋಡಾಕತ್ತಾರ."