ಜೆಲ್ ಅಧ್ಯಕ್ಷತೆಯ ಸಂದರ್ಶನ

ಗಾಜಿನ ತೊಟ್ಟಿಯಲ್ಲಿದ್ದ ಲೋಳೆಯಂಥ ಜೆಲ್‌ಗೆ ಯೋಚಿಸಲು ಕಲಿಸಿದವಳೇ ಭೌತವಿಜ್ಞಾನಿ ಶಾಂಭವಿ. ಇಪ್ಪತ್ತಾರು ವರ್ಷ ದಿನವೂ ಉಪ್ಪುನೀರು ಬದಲಿಸಿ ಅದನ್ನು ಬೆಳೆಸಿದ್ದಳು. ಈಗ ಎಲ್ಲ ಆಯ್ಕೆ ಸಮಿತಿಗಳಿಗೂ ಜೆಲ್‌ಗಳೇ ಅಧ್ಯಕ್ಷರು. ಅವಕ್ಕೆ ಪಕ್ಷಪಾತ ಗೊತ್ತಿಲ್ಲವಂತೆ. ತರಬೇತಿಗೆಂದು ಹಳೆಯ ಸಂದರ್ಶನಗಳ ಕಡತಗಳನ್ನೆಲ್ಲ ಅವಕ್ಕೆ ಉಣಿಸಿದ್ದರು.

ಪ್ರೊಫೆಸರ್ ಹುದ್ದೆಗೆ ಇದು ಶಾಂಭವಿಯ ಕೊನೆಯ ಅವಕಾಶ. ಅಧ್ಯಕ್ಷರ ಜಾಗದಲ್ಲಿ ಅವಳೇ ಬೆಳೆಸಿದ ಜೆಲ್.

"ಮನೆ, ಲ್ಯಾಬು ಎರಡನ್ನೂ ಹೇಗಮ್ಮ ಸಂಭಾಳಿಸ್ತೀರಿ?" ಜೆಲ್ ಕೇಳಿತು.

ಮೂವತ್ತರ ವಯಸ್ಸಿನಲ್ಲಿ ಇದೇ ಪ್ರಶ್ನೆಗೆ ಅವಳು ತಲೆತಗ್ಗಿಸಿ ಉತ್ತರಿಸಿದ್ದಳು. ಈಗ ತಲೆಯೆತ್ತಿ, "ಮನೇಲಿ ಯಾರೂ ಇಲ್ಲ ಸರ್. ನನಗಿರೋದು ನೀವೊಬ್ರೇ," ಎಂದಳು.

ಗುಮಾಸ್ತ ಗುರುಪಾದಪ್ಪ ನಗು ತಡೆಯಲು ಕೆಮ್ಮಿದ.

"ನಿಮ್ಮ ಕೆಲಸ ಅಮೋಘ ಮೇಡಂ," ಎಂದಿತು ಜೆಲ್. "ಆದ್ರೆ ಪ್ರೊಫೆಸರಾದ್ರೆ ಮೀಟಿಂಗು, ಓಡಾಟ. ಆಮೇಲೆ ನನ್ನನ್ನ ನೋಡ್ಕೊಳ್ಳೋರು ಯಾರು? ಈಗಿರೋ ಹುದ್ದೇಲೇ ಮುಂದುವರೀರಿ. ಬೇಜಾರು ಮಾಡ್ಕೋಬೇಡಿ, ನೀವು ನನಗೆ ತಾಯಿ ಇದ್ದಂಗೆ."

ಶಾಂಭವಿ ಪೆನ್ನು ತೆಗೆದಳು. ಬೇಜಾರೇನೂ ಆಗಲಿಲ್ಲ, ಅದೇ ಅವಳಿಗೆ ಆಶ್ಚರ್ಯ.

"ಗುರುಪಾದಪ್ಪನೋರೆ, ಒಂದು ಬಿಳಿ ಹಾಳೆ ಕೊಡಿ. ಸ್ವಯಂನಿವೃತ್ತಿಗೆ ಬರೆದುಕೊಡ್ತೀನಿ."

"ಅಯ್ಯೋ! ಕಾರಣ ಏನಂತ ಬರೀತೀರಿ ಮೇಡಂ?"

"ಮಗ ದೊಡ್ಡವನಾದ ಅಂತ."