ಪಡಸಾಲೆಯ ಎಣ್ಣೆ ಕಲೆ

ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದರೆ ಸಾಕು, ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಅಪ್ಪ ರೇಗಾಡಿದ ಆ ಮಧ್ಯಾಹ್ನ ಈಗಲೂ ನೆನಪಾಗುತ್ತದೆ.

ಹಬ್ಬ ಹತ್ತಿರವಾಗಿತ್ತು. ನೀಲಿ ಕಲಸಿದ ಸುಣ್ಣವನ್ನು ಅಪ್ಪ ಎಷ್ಟು ಸಲ ಬಳಿದರೂ, ತೀರಿಹೋಗಿದ್ದ ಅಜ್ಜ ಬದುಕಿದ್ದಾಗ ದಿನಾ ಪಡಸಾಲೆಯ ಗೋಡೆಗೆ ತಲೆಯಾನಿಸಿ ಕೂರುತ್ತಿದ್ದ ಜಾಗದಲ್ಲಿ ಹರಳೆಣ್ಣೆಯ ಕಲೆ ಮತ್ತೆ ಮೂಡುತ್ತಿತ್ತು.

"ಹಾಳಾದ್ದು! ಇದರ ಮುಂದೆ ಬೀರು ನಿಲ್ಲಿಸಿಬಿಡಾಣ," ಎಂದು ಅಪ್ಪ ಕುಂಚ ಎಸೆದ.

ಅಪ್ಪ ಅಮ್ಮ ಏದುಸಿರು ಬಿಡುತ್ತಾ ಬೀರು ತಳ್ಳಿಕೊಂಡು ಬರುವಷ್ಟರಲ್ಲಿ ಅಜ್ಜಿ ಅಲ್ಲೇ ಕಂಬಳಿ ಹಾಸಿ, ಹಸಿ ಗೋಡೆಗೆ ತಲೆಯಾನಿಸಿ ಕುಳಿತುಬಿಟ್ಟಿದ್ದಳು.

"ಏಳವ್ವ, ತಲೆಯೆಲ್ಲ ಸುಣ್ಣ ಆಗ್ತೈತೆ!" ಎಂದ ಅಪ್ಪ.

"ಆಗ್ಲಿ ಬಿಡು. ಬೀರು ಬೇರೆ ಕಡೆ ಇಟ್ಕಳ್ರಿ."

"ಈ ಅಂಗೈಯಗಲ ಮನೇಲಿ ಬೇರೆ ಕಡೆ ಎಲ್ಲೈತವ್ವ?"

ಅಜ್ಜಿ ಕಣ್ಣು ಮುಚ್ಚಿಕೊಂಡಳು.

ಕೊನೆಗೆ ಬೀರು ಅಡುಗೆಮನೆಯ ಬಾಗಿಲಿಗೆ ಅರ್ಧ ಅಡ್ಡವಾಗಿ ನಿಂತಿತು. ಊಟಕ್ಕೆ ಹೋಗಲು ಎಲ್ಲರೂ ಹೊಟ್ಟೆ ಎಳೆದುಕೊಂಡು ಓರೆಯಾಗಿ ನುಸುಳಬೇಕಾಯಿತು. ತಟ್ಟೆ ಹಿಡಿದು ಬರುವಾಗಲೆಲ್ಲ ಮೊಣಕೈ ತಗುಲಿ ಅಮ್ಮ ಗೊಣಗುತ್ತಿದ್ದಳು.

ಅಜ್ಜಿ ಹೋದ ಮೇಲೂ ಬೀರು ಅಲ್ಲಿಂದ ಕದಲಲಿಲ್ಲ. ಮುಂದಿನ ಹಬ್ಬಕ್ಕೆ ಅಪ್ಪ ಸಿಡಿಮಿಡಿಗುಟ್ಟುತ್ತಲೇ ಪಡಸಾಲೆಗೆಲ್ಲ ಸುಣ್ಣ ಬಳಿದ, ಆ ಕಲೆಯಷ್ಟನ್ನು ಬಿಟ್ಟು.